ಬೋರ್ಡಿಗೆ ಬಾರದ ಬೆಲೆ

2012ರ ಮಾರ್ಚ್ ತಿಂಗಳನ್ನು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಕಳೆದವರಿಗೆ ಆ ತಿಂಗಳ ನೆನಪು ಬಂದರೆ ಎರಡು ಸಂಗತಿಗಳು ಒಟ್ಟಿಗೇ ಬರುತ್ತವೆ. ಒಂದು, ಸೆಖೆ. ದಪ್ಪ ಕೋಟನ್ನು ಪೆಟ್ಟಿಗೆಗೆ ಸೇರಿಸಲು ಇನ್ನೂ ಒಂದೂವರೆ ತಿಂಗಳಿರುವಾಗಲೇ ಶಿಕಾಗೋದಲ್ಲಿ ಎಂಟು ದಿನ ಉಷ್ಣಾಂಶ 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಅಂದರೆ ನಮ್ಮ ಲೆಕ್ಕದಲ್ಲಿ 27ರ ಆಸುಪಾಸು. ಬೆಂಗಳೂರಿನವರಿಗೆ ಇದು ಹಿತವಾದ ಹವೆ. ಮಿಶಿಗನ್ ಸರೋವರದ ದಂಡೆಯಲ್ಲಿ ಮಾರ್ಚ್ ತಿಂಗಳಿಗೆ ಇದು ಊಹೆಗೂ ಮೀರಿದ್ದು. ಎರಡನೆಯದು ಪೆಟ್ರೋಲ್. ವರ್ಷದ ಮೊದಲ ವಾರ ಗ್ಯಾಲನ್ನಿಗೆ ಸುಮಾರು 3 ಡಾಲರ್ 30 ಸೆಂಟ್ ಇದ್ದ ದೇಶದ ಸರಾಸರಿ ಬೆಲೆ ಏಪ್ರಿಲ್ ಮೊದಲ ವಾರಕ್ಕೆ 3 ಡಾಲರ್ 94 ಸೆಂಟ್ ಆಗಿತ್ತು. ಆ ಸಲದ ಯುಗಾದಿ, ನಂದನ ಸಂವತ್ಸರದ್ದು, ಮಾರ್ಚ್ 23ಕ್ಕೆ ಬಿದ್ದಿತ್ತು. ಅಲ್ಲಿಯ ಕನ್ನಡಿಗರಿಗೆ ಯುಗಾದಿಯೆಂದರೆ ಸಾಮಾನ್ಯವಾಗಿ ಹೀಟರ್ ಹಾಕಿಕೊಂಡು ಬರಮಾಡಿಕೊಳ್ಳುವ ವಸಂತ. ಆ ವರ್ಷ ಮಾತ್ರ ಪಂಚಾಂಗ ಹೇಳಿದ ಋತುವೇ ಬಾಗಿಲಾಚೆಯೂ ಇತ್ತು. ನನ್ನ ನೆನಪಿನಲ್ಲೂ ಆ ಸೆಖೆ ಮತ್ತು ಆ ಬೆಲೆ ಅವಳಿಗಳಂತೆ ಕೂತುಬಿಟ್ಟಿವೆ. ಇಷ್ಟು ವರ್ಷಗಳ ಮೇಲೆ ಅವನ್ನು ಬಿಡಿಸಿ ನೋಡಬೇಕೆನಿಸಿದೆ.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಆ ವಸಂತದ ಕತೆ ಬಹುಮಟ್ಟಿಗೆ ಅದೇ. ಸೆಖೆ ಬಂತು, ಬೆಲೆ ಏರಿತು. ಹಾಗಾಗಿ ಸೆಖೆಯಿಂದಲೇ ಬೆಲೆ ಏರಿತು ಎಂದು ಮನಸ್ಸು ಗಂಟು ಹಾಕಿತು. ಗಂಟು ಹಾಕಿದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಅನ್ನಬಹುದಿತ್ತು, ಅದರಿಂದ ಇನ್ನೊಂದು ಲೆಕ್ಕ ಮುಚ್ಚಿಹೋಗದೆ ಇದ್ದಿದ್ದರೆ. ಆ ಸೆಖೆಗೆ ಒಂದು ಬೆಲೆ ಇತ್ತು, ಅದನ್ನು ಕೆಲವರು ತೆತ್ತರು ಕೂಡ. ಆದರೆ ಅದು ಪೆಟ್ರೋಲ್ ಬಂಕಿನ ಬೋರ್ಡಿನ ಮೇಲೆ ಬರಲಿಲ್ಲ. ಬೋರ್ಡಿನ ಮೇಲಿದ್ದದ್ದು ಬೇರೆಯದೇ ಕಾರಣಗಳ ಬೆಲೆ. ನಾವು ನೆನಪಿಟ್ಟುಕೊಂಡದ್ದು ಬೋರ್ಡನ್ನು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಬೋರ್ಡಿನ ವಿಷಯಕ್ಕೇ ಮೊದಲು ಬರೋಣ. ಅಮೆರಿಕನ್ನರು ಪೆಟ್ರೋಲನ್ನು ಗ್ಯಾಸ್ ಅನ್ನುತ್ತಾರೆ. ಹೊಸದಾಗಿ ಹೋದ ಕನ್ನಡಿಗರಿಗೆ ಇದರಿಂದ ಸ್ವಲ್ಪ ದಿನ ಗಲಿಬಿಲಿ. ಅವರ ಕಿವಿಗೆ ಗ್ಯಾಸ್ ಅಂದರೆ ಅಡುಗೆಮನೆಯ ಸಿಲಿಂಡರ್. ಪೆಟ್ರೋಲೆಂಬ ಈ ಗ್ಯಾಸಿನ ಬೆಲೆಯನ್ನು ಅಮೆರಿಕದಲ್ಲಿ ರಸ್ತೆ ಬದಿಯ ಎತ್ತರದ ಕಂಬಕ್ಕೆ, ಆಳೆತ್ತರದ ಅಂಕಿಗಳಲ್ಲಿ, ಒಂದು ಸೆಂಟಿನ ಹತ್ತನೇ ಒಂಬತ್ತರ ತನಕ ತೂಗುಹಾಕಿರುತ್ತಾರೆ. ಹಾಲಿನ ಬೆಲೆ, ಮನೆ ಬಾಡಿಗೆ, ಆಸ್ಪತ್ರೆಯ ಬಿಲ್ಲು, ಮಕ್ಕಳ ಕಾಲೇಜಿನ ಫೀಜು, ಇವು ಯಾವುವನ್ನೂ ಯಾರೂ ಕಂಬಕ್ಕೆ ಕಟ್ಟುವುದಿಲ್ಲ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಏಕೈಕ ಬೆಲೆ ಇದು. ಜೊತೆಗೆ ಪೈಪನ್ನು ತಾವೇ ಹಿಡಿದು ನಿಂತು, ಮೀಟರಿನಲ್ಲಿ ಡಾಲರ್ ಓಡುವುದನ್ನು ನೋಡುತ್ತ ಹಾಕಿಕೊಳ್ಳಬೇಕು. ಆಗ ನ್ಯೂಜರ್ಸಿ ಮತ್ತು ಆರೆಗನ್ ಈ ಎರಡು ರಾಜ್ಯಗಳಲ್ಲಿ ಮಾತ್ರ ಬಂಕಿನವರೇ ಹಾಕಿಕೊಡಬೇಕೆಂಬ ಕಾನೂನಿತ್ತು. ಇಂಥ ಬೆಲೆ ನೆನಪಿನಲ್ಲಿ ಅಚ್ಚೊತ್ತದೆ ಇರುತ್ತದೆಯೇ? ಅಂದಹಾಗೆ, 3 ಡಾಲರ್ 94 ಸೆಂಟ್ ಅಂದರೆ ಆಗಿನ ವಿನಿಮಯ ದರದಲ್ಲಿ ಲೀಟರಿಗೆ ಸುಮಾರು 53 ರೂಪಾಯಿ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಪೆಟ್ರೋಲ್ 70 ರೂಪಾಯಿ ದಾಟಿತ್ತು. ಅಮೆರಿಕದ ಗೋಳನ್ನು ಫೋನಿನಲ್ಲಿ ಕೇಳಿಸಿಕೊಂಡ ಇಲ್ಲಿಯ ನೆಂಟರಿಗೆ ಕನಿಕರ ಹುಟ್ಟಿರಲಾರದು.

ಇನ್ನು ಸೆಖೆ. ಅದು ಬರೀ ಶಿಕಾಗೋದ ಮಾತಲ್ಲ. ಅಮೆರಿಕದ ಹವಾಮಾನ ಇಲಾಖೆಯ ದಾಖಲೆಗಳು 1895ರಿಂದ ಶುರುವಾಗುತ್ತವೆ; ಅಲ್ಲಿಂದೀಚೆಗಿನ ಅತಿ ಬೆಚ್ಚನೆಯ ಮಾರ್ಚ್ ಅದಾಗಿತ್ತು. ಇಪ್ಪತ್ತನೆಯ ಶತಮಾನದ ಸರಾಸರಿಗಿಂತ 8.6 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು. ಊರೂರುಗಳ ದಿನದ ದಾಖಲೆಗಳನ್ನು ಕೂಡಿದರೆ 15,000ಕ್ಕೂ ಹೆಚ್ಚು ದಾಖಲೆಗಳು ಆ ಒಂದೇ ತಿಂಗಳಲ್ಲಿ ಮುರಿದವು, ಕೆಲವೆಡೆ ರಾತ್ರಿಯ ಕನಿಷ್ಠ ಉಷ್ಣಾಂಶವೇ ಆ ದಿನದ ಹಳೆಯ ಗರಿಷ್ಠವನ್ನು ಮೀರಿತು. ವಾಷಿಂಗ್ಟನ್ನಿಗೆ ಟೋಕಿಯೋ ನಗರ ಚೆರಿ ಗಿಡಗಳನ್ನು ಉಡುಗೊರೆ ಕೊಟ್ಟು ಸರಿಯಾಗಿ ನೂರು ವರ್ಷವಾಗಿತ್ತು. ಶತಮಾನೋತ್ಸವಕ್ಕೆಂದು ಹೂವಿನ ಹಬ್ಬವನ್ನು ಐದು ವಾರಕ್ಕೆ ಹಿಗ್ಗಿಸಿದ್ದರು. ಹೂಗಳು ಮಾರ್ಚ್ 20ಕ್ಕೇ ಪೂರ್ತಿ ಅರಳಿ, ಹಬ್ಬದ ಬಹುಪಾಲು ದಿನಗಳು ಬರೀ ಎಲೆಗಳ ಕೆಳಗೆ ನಡೆದವು. ಜನ ಇದನ್ನು ಕೊಡುಗೆಯೆಂದೇ ತೆಗೆದುಕೊಂಡರು. ತೆಗೆದುಕೊಳ್ಳದೆ ಏನು, ಐದು ತಿಂಗಳ ಚಳಿಗೆ ಒಗ್ಗಿಕೊಂಡವರಿಗೆ ಅರ್ಧ ತೋಳಿನ ಅಂಗಿಯಲ್ಲಿ ಹೊರಗೆ ಕೂರುವ ಸುಖ ಎರಡು ತಿಂಗಳು ಮೊದಲೇ ಸಿಕ್ಕಿತ್ತು. ಆ ಸುಖದ ನಡುವೆ ಕಂಬದ ಮೇಲಿನ ಅಂಕಿ ಏರುತ್ತಿತ್ತು. ಸುಖಕ್ಕೆ ದಂಡ ತೆರುತ್ತಿದ್ದೇವೆ ಎಂಬ ಭಾವನೆ ಬರುವುದು ಸಹಜ.

ಆದರೆ ಬೆಲೆ ಏರಿಸಿದ ಕೈ ಬೇರೆ ಕಡೆ ಇತ್ತು. 2011ರ ಕೊನೆಯ ದಿನ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಕಾನೂನೊಂದು ಇರಾನಿನ ಕೇಂದ್ರ ಬ್ಯಾಂಕಿನೊಡನೆ ವ್ಯವಹರಿಸುವವರ ಮೇಲೆ ನಿರ್ಬಂಧ ಹೇರಿತು. ಜನವರಿ 23ರಂದು ಐರೋಪ್ಯ ಒಕ್ಕೂಟ, ಜುಲೈ 1ರಿಂದ ಇರಾನಿನ ತೈಲವನ್ನೇ ಕೊಳ್ಳುವುದಿಲ್ಲವೆಂದು ತೀರ್ಮಾನಿಸಿತು. ಇರಾನ್ ಹೊರ್ಮುಜ್ ಜಲಸಂಧಿಯನ್ನು ಮುಚ್ಚುವ ಬೆದರಿಕೆ ಹಾಕಿತು. ಜನವರಿಯಲ್ಲಿ ಸರಾಸರಿ 110 ಡಾಲರಿನಷ್ಟಿದ್ದ ಬ್ರೆಂಟ್ ಕಚ್ಚಾತೈಲ ಮಾರ್ಚಿನಲ್ಲಿ 125 ಡಾಲರಾಯಿತು. ಒಂದು ಬ್ಯಾರೆಲ್ಲಿಗೆ 42 ಗ್ಯಾಲನ್. ಬ್ಯಾರೆಲ್ಲಿಗೆ 15 ಡಾಲರ್ ಏರಿದರೆ ಗ್ಯಾಲನ್ನಿಗೆ 36 ಸೆಂಟ್ ಬೀಳುತ್ತದೆ. ಆ ಮೂರು ತಿಂಗಳಲ್ಲಿ ಬಂಕಿನಲ್ಲಿ ಏರಿದ್ದು 64 ಸೆಂಟ್. ಅಂದರೆ ಅರ್ಧಕ್ಕಿಂತ ಹೆಚ್ಚಿನದಕ್ಕೆ ಪರ್ಷಿಯನ್ ಕೊಲ್ಲಿಯ ಕಡೆಯಿಂದಲೇ ಲೆಕ್ಕ ಸಿಗುತ್ತದೆ. ಈ ಲೆಕ್ಕದಲ್ಲಿ ನಮ್ಮ ಕರಾವಳಿಗೂ ಒಂದು ಕೊಂಡಿಯಿದೆ. ಆಗ ಭಾರತದಲ್ಲಿ ಇರಾನಿನ ಕಚ್ಚಾತೈಲಕ್ಕೆ ಅತಿ ದೊಡ್ಡ ಗಿರಾಕಿ ಮಂಗಳೂರಿನ ಎಂಆರ್‌ಪಿಎಲ್. ಡಾಲರಿನಲ್ಲಿ ಹಣ ಕಟ್ಟುವ ದಾರಿ ಮುಚ್ಚಿದ್ದರಿಂದ ಭಾರತ ಟರ್ಕಿಯ ಬ್ಯಾಂಕೊಂದರ ಮೂಲಕ, ಆಮೇಲೆ ಒಂದು ಪಾಲನ್ನು ಕೋಲ್ಕತ್ತದ ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ, ಇರಾನಿಗೆ ಸಂದಾಯ ಮಾಡುವ ಏರ್ಪಾಡು ಹುಡುಕಿಕೊಂಡಿತು. ಕೊಳ್ಳುವುದನ್ನು ತಗ್ಗಿಸಿದ್ದಕ್ಕಾಗಿ ಜೂನ್ 11ರಂದು ಭಾರತಕ್ಕೆ ಅಮೆರಿಕದಿಂದ ವಿನಾಯಿತಿ ಸಿಕ್ಕಿತು. ಮಂಗಳೂರಿನ ರಿಫೈನರಿಗೆ ಬರುವ ಹಡಗನ್ನು ತಡೆದ ರಾಜಕೀಯವೇ ಡೆಟ್ರಾಯಿಟಿನ ಬಂಕಿನ ಬೋರ್ಡನ್ನೂ ಏರಿಸಿತ್ತು. ಇದರಲ್ಲಿ ಸೂರ್ಯನ ಪಾತ್ರ ಏನೂ ಇರಲಿಲ್ಲ.

ಉಳಿದ 28 ಸೆಂಟಿನಲ್ಲಿ ಒಂದು ಭಾಗ ರಿಫೈನರಿಗಳದ್ದು. ಪೂರ್ವ ಕರಾವಳಿಯ ರಿಫೈನರಿಗಳು ಹೊರದೇಶದ ದುಬಾರಿ ಕಚ್ಚಾತೈಲವನ್ನೇ ನೆಚ್ಚಿಕೊಂಡು ನಷ್ಟ ಅನುಭವಿಸುತ್ತಿದ್ದವು. ಫಿಲಡೆಲ್ಫಿಯಾ ಬಳಿಯ ಟ್ರೇನರ್ ಮತ್ತು ಮಾರ್ಕಸ್ ಹುಕ್ ರಿಫೈನರಿಗಳು 2011ರಲ್ಲಿ ನಿಂತವು. ಪೂರ್ವ ಕರಾವಳಿಗೇ ಪೆಟ್ರೋಲ್ ಕಳಿಸುತ್ತಿದ್ದ ಕೆರಿಬಿಯನ್ ದ್ವೀಪ ಸೇಂಟ್ ಕ್ರೋಯಿಯ ದೊಡ್ಡ ರಿಫೈನರಿ 2012ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಅದೇ ತಿಂಗಳು ವಾಷಿಂಗ್ಟನ್ ರಾಜ್ಯದ ಚೆರಿ ಪಾಯಿಂಟ್ ರಿಫೈನರಿಯಲ್ಲಿ ಬೆಂಕಿ ಬಿದ್ದು ಪಶ್ಚಿಮ ಕರಾವಳಿಯ ಬೆಲೆ ಇನ್ನೊಂದಿಷ್ಟು ಮೇಲಕ್ಕೆ ಹೋಯಿತು. ಟ್ರೇನರ್ ರಿಫೈನರಿಯನ್ನು ಕೊನೆಗೆ ಒಂದು ವಿಮಾನ ಕಂಪನಿಯೇ, ಡೆಲ್ಟಾ, ಕೊಂಡುಕೊಂಡಿತು. ಹಾಲು ತುಟ್ಟಿಯಾಯಿತೆಂದು ಹಸುವನ್ನೇ ಕೊಂಡ ಹಾಗೆ.

ಇಲ್ಲಿ ವಿಷಯ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಗಟ್ಟಿಯಾದದ್ದೇ. ಅಮೆರಿಕದಲ್ಲಿ ವಸಂತ ಬಂದಾಗ ಪೆಟ್ರೋಲ್ ತುಟ್ಟಿಯಾಗುವುದು ಬಹುತೇಕ ಪ್ರತಿ ವರ್ಷದ ಮಾತು, ಅದಕ್ಕೂ ಬಿಸಿಲಿಗೂ ಸಂಬಂಧ ಇದ್ದೇ ಇದೆ ಅನ್ನುತ್ತಾರೆ. ನಿಜ, ಇದೆ. ಪೆಟ್ರೋಲ್ ಎಂಬುದು ಒಂದೇ ಪದಾರ್ಥವಲ್ಲ, ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಚಳಿಗಾಲದಲ್ಲಿ ಎಂಜಿನ್ ಹತ್ತಿಕೊಳ್ಳಬೇಕಾದರೆ ಅದು ಬೇಗ ಆವಿಯಾಗಬೇಕು; ಹಾಗಾಗಿ ಅದಕ್ಕೆ ಬ್ಯೂಟೇನ್ ಧಾರಾಳವಾಗಿ ಬೆರೆಸುತ್ತಾರೆ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದೂ ಇದೇ ಬ್ಯೂಟೇನ್, ಪ್ರೊಪೇನಿನ ಜೊತೆ. ಅಮೆರಿಕದ ಗ್ಯಾಸಿನಲ್ಲಿ ನಮ್ಮ ಗ್ಯಾಸೂ ಸ್ವಲ್ಪ ಇರುತ್ತದೆ ಅನ್ನಿ. ಬ್ಯೂಟೇನ್ ಅಗ್ಗ. ಬೇಸಿಗೆಯಲ್ಲಿ ಇದೇ ಮಿಶ್ರಣ ಟ್ಯಾಂಕಿನಿಂದ ಹಬೆಯಾಡಿ ಗಾಳಿಗೆ ಸೇರಿ, ಹೊಗೆಕೊಳವೆಯ ಸಾರಜನಕದ ಆಕ್ಸೈಡುಗಳ ಜೊತೆ ಬಿಸಿಲಲ್ಲಿ ಕೂಡಿ, ನೆಲಮಟ್ಟದ ಓಜೋನ್ ಆಗುತ್ತದೆ. ಲಾಸ್ ಏಂಜಲಿಸಿನ ಕಣ್ಣುರಿಯ ಮಂಜು ಹೀಗೆ ಹುಟ್ಟುತ್ತದೆಂದು ಮೊದಲು ತೋರಿಸಿಕೊಟ್ಟವರು ಕ್ಯಾಲ್‌ಟೆಕ್ಕಿನ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್. ಅದಕ್ಕೆ ಮುಂಚೆ ಅವರು ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದರು. ಹಣ್ಣಿನ ಘಮದಿಂದ ಊರಿನ ಹೊಗೆಗೆ ಬಂದ ಮೂಗು ಅದು. ಈ ತಿಳಿವಳಿಕೆಯ ಮೇಲೆ ನಿಂತು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಿಂದ ಬೇಸಿಗೆಯ ಪೆಟ್ರೋಲಿನ ಆವಿಯೊತ್ತಡಕ್ಕೆ ಮಿತಿ ಹಾಕಿತು. ಚಳಿಗಾಲದಲ್ಲಿ ಚದರ ಅಂಗುಲಕ್ಕೆ 15 ಪೌಂಡಿನವರೆಗೂ ಹೋಗುವ ಒತ್ತಡ ಬೇಸಿಗೆಯಲ್ಲಿ 9ಕ್ಕೆ, ಓಜೋನ್ ಹೆಚ್ಚಿರುವ ಕಡೆ 7.8ಕ್ಕೆ ಇಳಿಯಬೇಕು. ಅದಕ್ಕೆ ಅಗ್ಗದ ಬ್ಯೂಟೇನ್ ತೆಗೆದು ದುಬಾರಿ ಅಂಶಗಳನ್ನು ಸೇರಿಸಬೇಕು, ಹಳೆಯ ದಾಸ್ತಾನು ಖಾಲಿ ಮಾಡಬೇಕು, ಅದೇ ಹೊತ್ತಿಗೆ ರಿಫೈನರಿಗಳ ರಿಪೇರಿಯೂ ನಡೆಯುತ್ತದೆ. ಬೆಲೆ ಏರುತ್ತದೆ.

ಇಷ್ಟನ್ನು ಒಪ್ಪಿದ ಮೇಲೂ ಆ ಆಕ್ಷೇಪ 2012ರ ಮಾರ್ಚಿಗೆ ಅನ್ವಯಿಸುವುದಿಲ್ಲ. ಯಾಕೆಂದರೆ ಈ ಕಾನೂನು ಥರ್ಮಾಮೀಟರ್ ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತದೆ. ಡಿಪೋಗಳು ಬೇಸಿಗೆಯ ಪೆಟ್ರೋಲಿಗೆ ಬದಲಾಗಬೇಕಾದ್ದು ಮೇ 1ರೊಳಗೆ, ಬಂಕುಗಳು ಜೂನ್ 1ರೊಳಗೆ. ಮಾರ್ಚಿನಲ್ಲಿ ಹಿಮ ಸುರಿಯಲಿ, ಬೆವರು ಹರಿಯಲಿ, ತಾರೀಖು ಅದೇ. ಹಿಂದಿನ ವರ್ಷದ ತಣ್ಣನೆಯ ವಸಂತದಲ್ಲೂ ಇದೇ ಬದಲಾವಣೆ ಇದೇ ವಾರಗಳಲ್ಲಿ ಆಗಿತ್ತು. ಎಂದರೆ ಬೇಸಿಗೆ ಬರುತ್ತದೆ ಎಂಬ ಗೊತ್ತಾದ ವಿಚಾರಕ್ಕೆ ಕಾಯಂ ಆಗಿ ತೆರುವ ಸಣ್ಣ ಮೊತ್ತ ಇದು, ಶುದ್ಧ ಗಾಳಿಗಾಗಿ ಕೊಡುವ ಚಂದಾ. ಆ ವರ್ಷದ ವಿಶೇಷ ಸೆಖೆಗೆ ಅಂಟಿದ್ದಲ್ಲ. ಕ್ಯಾಲಿಫೋರ್ನಿಯಾದವರು ಇನ್ನೂ ಕಟ್ಟುನಿಟ್ಟಿನ ಪೆಟ್ರೋಲಿಗೆ ಇನ್ನೂ ಹೆಚ್ಚು ಚಂದಾ ಕೊಡುತ್ತಾರೆ, ಅದನ್ನು ಗೊಣಗಿಕೊಂಡೇ ಕೊಡುತ್ತಾರೆ. ಆದರೆ ಲಾಸ್ ಏಂಜಲಿಸಿನಲ್ಲಿ ಈಗ ಬೆಟ್ಟ ಕಾಣುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸರಳ: ಬಿಸಿಲು ಬಂದರೆ ಜನ ಕಾರು ತೆಗೆಯುತ್ತಾರೆ, ಬೇಡಿಕೆ ಏರುತ್ತದೆ, ಬೆಲೆಯೂ ಏರುತ್ತದೆ. ಕೇಳಲು ಚೆನ್ನಾಗಿದೆ. ಅಂಕಿಗಳು ಒಪ್ಪುವುದಿಲ್ಲ. 2007ರಲ್ಲಿ ಅಮೆರಿಕ ದಿನಕ್ಕೆ 92.9 ಲಕ್ಷ ಬ್ಯಾರೆಲ್ ಪೆಟ್ರೋಲ್ ಸುಡುತ್ತಿತ್ತು. 2012ರಲ್ಲಿ ಅದು 87 ಲಕ್ಷಕ್ಕೆ ಇಳಿದಿತ್ತು. ಕೆಲಸ ಕಳೆದುಕೊಂಡವರು, ಸಣ್ಣ ಕಾರು ಕೊಂಡವರು, ಓಡಾಟ ಕಡಿಮೆ ಮಾಡಿದವರು ಸೇರಿ ಬೇಡಿಕೆಯನ್ನು ತಗ್ಗಿಸಿದ್ದರು. ಎಷ್ಟೆಂದರೆ 2011ರಲ್ಲಿ ಅಮೆರಿಕ, 1949ರ ನಂತರ ಮೊದಲ ಬಾರಿಗೆ, ಪೆಟ್ರೋಲ್ ಡೀಸೆಲ್ ಮುಂತಾದ ಸಿದ್ಧ ತೈಲವನ್ನು ಕೊಳ್ಳುವುದಕ್ಕಿಂತ ಹೆಚ್ಚು ಮಾರಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿದ್ದರೆ ಅದೇ ವರ್ಷದ ಜುಲೈ ನೋಡಬೇಕು. ಆ ಜುಲೈ ಅಲ್ಲಿಯ ತನಕದ ದಾಖಲೆಗಳಲ್ಲೇ ಅಮೆರಿಕದ ಅತಿ ಬಿಸಿ ತಿಂಗಳು; 1936ರ ಧೂಳುಗಾಲದ ಜುಲೈಯನ್ನೂ ಹಿಂದಿಕ್ಕಿತು. ಶಾಲೆಗಳಿಗೆ ರಜ, ಊರೂರು ಸುತ್ತುವ ಕಾಲ. ಆ ತಿಂಗಳ ಮೊದಲ ವಾರ ಪೆಟ್ರೋಲ್ ಎಷ್ಟಿತ್ತು? 3 ಡಾಲರ್ 36 ಸೆಂಟ್. ಸೆಖೆಯೇ ಬೆಲೆ ಏರಿಸುವುದಾಗಿದ್ದರೆ ಅತಿ ದೊಡ್ಡ ಸೆಖೆಯ ಹೊತ್ತಿಗೆ ಬೆಲೆ 58 ಸೆಂಟ್ ಇಳಿದದ್ದು ಹೇಗೆ? ಇಳಿಸಿದ್ದೂ ದೂರದ ಸಂಗತಿಗಳೇ. ಏಪ್ರಿಲ್‌ನಲ್ಲಿ ಇಸ್ತಾಂಬುಲಿನಲ್ಲಿ ಇರಾನಿನೊಡನೆ ಮಾತುಕತೆ ಮತ್ತೆ ಶುರುವಾಯಿತು, ಸೌದಿ ಅರೇಬಿಯಾ ಹೆಚ್ಚು ತೈಲ ತೆಗೆಯಿತು, ಗ್ರೀಸ್ ಸ್ಪೇನ್‌ಗಳ ಸಾಲದ ಭಯ ಯುರೋಪನ್ನು ಹಿಡಿಯಿತು. ಬ್ರೆಂಟ್ ಜೂನಿನಲ್ಲಿ ಸರಾಸರಿ 95 ಡಾಲರಿಗೆ ಬಂತು. ಮಾರ್ಚಿನಿಂದ 30 ಡಾಲರ್ ಇಳಿತ, ಗ್ಯಾಲನ್ನಿಗೆ 71 ಸೆಂಟ್. ಬಂಕಿನಲ್ಲಿ ಇಳಿದದ್ದು ಮಾತ್ರ 58. ಪೆಟ್ರೋಲ್ ಬೆಲೆ ರಾಕೆಟ್ಟಿನಂತೆ ಏರಿ ಹಕ್ಕಿಯ ಗರಿಯಂತೆ ಇಳಿಯುತ್ತದೆಂದು ಅರ್ಥಶಾಸ್ತ್ರಜ್ಞರು 1990ರ ದಶಕದಿಂದ ಹೇಳುತ್ತ ಬಂದಿದ್ದಾರೆ. ನೆನಪೂ ಹಾಗೆಯೇ: ಏರಿದ್ದು ಸದ್ದು ಮಾಡುತ್ತದೆ, ಇಳಿದದ್ದು ತೇಲಿಹೋಗುತ್ತದೆ. 3.94 ನೆನಪಿರುವ ಎಷ್ಟು ಜನಕ್ಕೆ 3.36 ನೆನಪಿದೆ?

ಅದು ಚುನಾವಣೆಯ ವರ್ಷವಾದ್ದರಿಂದ ಇನ್ನೆರಡು ವಿವರಣೆಗಳೂ ಓಡಾಡಿದವು, ಅವನ್ನು ಬೇಗ ಮುಗಿಸಬಹುದು. ಅಧ್ಯಕ್ಷರೇ ಕಾರಣ ಎಂದರು ವಿರೋಧಿಗಳು. ಅವರಲ್ಲೊಬ್ಬರಾದ, ಅಧ್ಯಕ್ಷ ಪದವಿಗೆ ಕಣದಲ್ಲಿದ್ದ ನ್ಯೂಟ್ ಗಿಂಗ್ರಿಚ್ ತಾವು ಬಂದರೆ ಎರಡೂವರೆ ಡಾಲರಿಗೆ ಕೊಡಿಸುವುದಾಗಿ ಹೇಳಿದರು. ಸಟ್ಟಾ ವ್ಯಾಪಾರಿಗಳೇ ಕಾರಣ ಎಂದರು ಇನ್ನೊಂದು ಕಡೆಯವರು. ಏಪ್ರಿಲ್ 17ರಂದು ಒಬಾಮಾ ತೈಲ ಪೇಟೆಯ ಮೇಲಿನ ಕಣ್ಗಾವಲಿಗೆ 5 ಕೋಟಿ 20 ಲಕ್ಷ ಡಾಲರ್ ಕೇಳಿದರು. ಸಟ್ಟಾ ಬೆಲೆಯ ಏರಿಳಿತವನ್ನು ಕೆಲವು ವಾರ ಉಬ್ಬಿಸಬಲ್ಲದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ವ್ಯಾಪಾರಿಗಳು ಮೇ ಜೂನಿನಲ್ಲೂ ಇದ್ದರು, ಅದೇ ಅಧ್ಯಕ್ಷರೂ ಇದ್ದರು, ಬೆಲೆ ಇಳಿಯುತ್ತಿತ್ತು.

ಈ ಗದ್ದಲದಲ್ಲಿ ಯಾರೂ ಗಮನಿಸದೆ ಹೋದ ಒಂದು ಬೆಲೆ ಕೆಳಗೆ ಬಂದಿತ್ತು. ಅಮೆರಿಕದ ಅರ್ಧದಷ್ಟು ಮನೆಗಳು ಚಳಿಗೆ ನೈಸರ್ಗಿಕ ಅನಿಲವನ್ನು ಉರಿಸುತ್ತವೆ. 2011-12ರ ಚಳಿಗಾಲ ಮೆತ್ತಗಿತ್ತು, ಮಾರ್ಚ್ ಅಂತೂ ಹೀಟರನ್ನೇ ಆರಿಸಿಬಿಟ್ಟಿತು. ಬಂಡೆಗಳ ಸಂದಿನಿಂದ ಹೊಸ ವಿಧಾನದಲ್ಲಿ ತೆಗೆದ ಅನಿಲವೂ ಪೇಟೆಗೆ ಸುರಿಯುತ್ತಿತ್ತು. ಎರಡೂ ಸೇರಿ ಏಪ್ರಿಲ್‌ನಲ್ಲಿ ಸಗಟು ಬೆಲೆ ದಶಲಕ್ಷ ಬಿಟಿಯುಗೆ 2 ಡಾಲರಿಗಿಂತ ಕೆಳಗೆ, ಹತ್ತು ವರ್ಷದಲ್ಲಿ ಕಾಣದ ಮಟ್ಟಕ್ಕೆ ಕುಸಿಯಿತು. ನಿಜವಾದ ಗ್ಯಾಸು, ಅಂದರೆ ಗಾಳಿಯ ರೂಪದ್ದು, ಸೆಖೆಯಿಂದಾಗಿ ಅಗ್ಗವಾಗಿತ್ತು. ಸೆಖೆಗೂ ಇಂಧನದ ಬೆಲೆಗೂ ಆ ವಸಂತದಲ್ಲಿ ನೇರ ಸಂಬಂಧ ಏನಾದರೂ ಇದ್ದರೆ ಅದು ಇದೇ, ಮತ್ತು ಅದು ಉಲ್ಟಾ ದಿಕ್ಕಿನದು. ತಿಂಗಳ ಕೊನೆಗೆ ಲಕೋಟೆಯಲ್ಲಿ ಬಂದ ಬಿಲ್ಲು ಇಪ್ಪತ್ತೋ ಮೂವತ್ತೋ ಡಾಲರ್ ಕಡಿಮೆ ಇದ್ದರೆ ಅದನ್ನು ಯಾರು ಕಂಬಕ್ಕೆ ಕಟ್ಟುತ್ತಾರೆ?

ಹಾಗಾದರೆ ಆ ಸೆಖೆ ಪುಕ್ಕಟೆಯಾಗಿತ್ತೇ? ಮಿಶಿಗನ್ನಿನ ವಾಯವ್ಯ ದಂಡೆಯ ತೋಟಗಾರರನ್ನು ಕೇಳಬೇಕು. ಅಮೆರಿಕದ ಹುಳಿ ಚೆರಿಯ, ಕಡುಬಿನಂಥ ಅವರ ಸಿಹಿ ಪೈಯೊಳಗೆ ಹೋಗುವ ಚೆರಿಯ, ಮುಕ್ಕಾಲು ಪಾಲು ಆ ಒಂದು ರಾಜ್ಯದಲ್ಲಿ ಬೆಳೆಯುತ್ತದೆ. ದೊಡ್ಡ ಸರೋವರ ಅಲ್ಲಿಯ ತೋಟಗಳಿಗೆ ಕಾವಲು. ವಸಂತದಲ್ಲಿ ಅದರ ತಣ್ಣನೆಯ ನೀರು ದಡದ ಗಾಳಿಯನ್ನು ತಂಪಾಗಿಟ್ಟು ಮೊಗ್ಗುಗಳು ಅವಸರಪಡದಂತೆ ತಡೆಯುತ್ತದೆ. ಮಾರ್ಚಿನ ಬಿಸಿಗಾಳಿ ಆ ಕಾವಲನ್ನು ದಾಟಿ ನುಗ್ಗಿತು. ಚಳಿಗಾಲ ಮುಗಿಯಿತೆಂದು ನಂಬಿದ ಮರಗಳು ವಾರಗಟ್ಟಲೆ ಮೊದಲೇ ಚಿಗುರಿ ಮೊಗ್ಗೊಡೆದವು. ಹಿಮದ ನಿದ್ದೆಯಲ್ಲಿರುವ ಮೊಗ್ಗು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ಕಣ್ಣು ಬಿಟ್ಟ ಮೇಲೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಇಳಿದರೆ ಸಾಕು, ಒಳಗಿನ ಅಂಡಕೋಶ ಕಪ್ಪಾಗುತ್ತದೆ. ಏಪ್ರಿಲ್‌ನಲ್ಲಿ, ಏಪ್ರಿಲ್‌ಗೆ ತಕ್ಕ ಹಾಗೆಯೇ, ರಾತ್ರಿಗಳು ಹೆಪ್ಪುಗಟ್ಟಿದವು, ಒಂದಲ್ಲ, ಹಲವು ರಾತ್ರಿ. ಅಂದರೆ ಕೊಂದದ್ದು ಚಳಿ, ಆದರೆ ಆ ಚಳಿ ಅಸಹಜವಾಗಿರಲಿಲ್ಲ. ಅಸಹಜವಾಗಿದ್ದದ್ದು ಅದಕ್ಕೆ ಮುಂಚಿನ ಸುಖ. ಆ ವರ್ಷ ಮಿಶಿಗನ್ನಿನಲ್ಲಿ ಹಿಂದಿನ ವರ್ಷದ ಹುಳಿ ಚೆರಿಯ ಹತ್ತರಲ್ಲಿ ಒಂದು ಪಾಲೂ ಕೈಗೆ ಬರಲಿಲ್ಲ. ಸೇಬಿಗೂ ಹೆಚ್ಚುಕಡಿಮೆ ಅದೇ ಗತಿ. ಹಣ್ಣು ಕೀಳಲು ಬರುವ ಕೂಲಿಗಳಿಗೆ ಕೆಲಸವಿಲ್ಲ, ಹಣ್ಣು ಸಂಸ್ಕರಿಸುವ ಕಾರ್ಖಾನೆಗಳಿಗೆ ಹಣ್ಣಿಲ್ಲ. ನಮ್ಮ ಕಡೆ ಮಾವಿನ ಹೂವು ಅಕಾಲದ ಮೋಡಕ್ಕೆ ಕರಗಿಹೋದ ವರ್ಷಗಳನ್ನು ಕಂಡ ಕೋಲಾರದ ಶ್ರೀನಿವಾಸಪುರದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ವಸಂತ ಬಿಸಿಯಾಯಿತೆಂದು ಭೂಮಿಯೇ ಬಿಸಿಯಾಗುತ್ತಿದೆ ಅನ್ನಬಹುದೇ, ಎಂಬ ಪ್ರಶ್ನೆ ನ್ಯಾಯವಾದದ್ದು. ಅನ್ನಬಾರದು. ಆ ಮಾರ್ಚನ್ನು ಆಮೇಲೆ ಪರಿಶೀಲಿಸಿದ ವಿಜ್ಞಾನಿಗಳು, ಅದರ ಬಹುಪಾಲು ಹವೆಯ ಸ್ವಂತ ಚಂಚಲತೆಯದ್ದು, ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬಿಸಿಗಾಳಿ ಒಂದೇ ಸಮನೆ ಉತ್ತರಕ್ಕೆ ನುಗ್ಗಿದ್ದರ ಫಲ, ದೀರ್ಘಕಾಲದ ತಾಪಮಾನ ಏರಿಕೆ ಅದರ ಮೇಲೆ ಒಂದು ಪಾಲು ಸೇರಿಸಿತು ಎಂದೇ ಹೇಳಿದರು. ನಾನು ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆ. ಆದರೆ ಅಷ್ಟನ್ನೇ ಹಿಡಿದು ಯೋಚಿಸಿದರೂ, ಸೆಖೆ ಪೆಟ್ರೋಲನ್ನು ಏರಿಸುತ್ತದೆ ಎಂದು ನಂಬಿದ ನಾವು ಬಾಣವನ್ನು ತಿರುಗುಮುರುಗಾಗಿ ಹಿಡಿದಿದ್ದೆವು ಅನ್ನಿಸುತ್ತದೆ. ಒಂದು ಗ್ಯಾಲನ್ ಪೆಟ್ರೋಲ್ ತೂಗುವುದು ಮೂರು ಕಿಲೋಗೂ ಕಡಿಮೆ. ಸುಟ್ಟಾಗ ಅದು ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಸುಮಾರು 9 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬಂಕಿನ ಮೀಟರಿನಲ್ಲಿ ಆ 9 ಕಿಲೋಗೆ ಅಂಕಿಯಿಲ್ಲ. ಪೆಟ್ರೋಲ್ ಮೇಲಿನ ಅಮೆರಿಕದ ಕೇಂದ್ರ ಸರಕಾರದ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟ್, ಅದು ರಸ್ತೆ ಕಟ್ಟುವುದಕ್ಕೆ, ಹವೆಗಲ್ಲ.

ಸೆಖೆ ಪೆಟ್ರೋಲಿನ ಒಳಕ್ಕೇ ಬಂದ ಒಂದು ದಾರಿಯನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ವಾದ ಒಂದು ಕಣ್ಣಿನದಾಗುತ್ತದೆ. ಅಮೆರಿಕದ ಪೆಟ್ರೋಲಿನಲ್ಲಿ ಹತ್ತರಲ್ಲಿ ಒಂದು ಪಾಲು ಮೆಕ್ಕೆಜೋಳದಿಂದ ತೆಗೆದ ಎಥನಾಲ್. ಬೆಚ್ಚನೆಯ ವಸಂತ ನೋಡಿ ರೈತರು ಬೇಗ ಬಿತ್ತಿದರು, 1937ರ ನಂತರ ಅಷ್ಟು ಎಕರೆಗೆ ಬಿತ್ತಿರಲಿಲ್ಲ. ಎಕರೆಗೆ 166 ಬುಶೆಲ್ ಬರುತ್ತದೆಂದು ಮೇ ತಿಂಗಳಲ್ಲಿ ಕೃಷಿ ಇಲಾಖೆ ಅಂದಾಜಿಸಿತ್ತು. ಜೂನ್ ಜುಲೈನಲ್ಲಿ ಬರ ಬಂತು. ಕೈಗೆ ಬಂದದ್ದು 123. ಮೆಕ್ಕೆಜೋಳ ಬುಶೆಲ್ಲಿಗೆ 8 ಡಾಲರ್ ದಾಟಿತು. ದನ ಕೋಳಿ ಸಾಕುವವರ ಪರವಾಗಿ ಕೆಲವು ರಾಜ್ಯಪಾಲರು ಎಥನಾಲ್ ಕಡ್ಡಾಯವನ್ನು ಸಡಿಲಿಸಿ ಎಂದು ಕೇಳಿದರು, ನವೆಂಬರಿನಲ್ಲಿ ಪರಿಸರ ಸಂಸ್ಥೆ ಒಪ್ಪಲಿಲ್ಲ. ಇಲ್ಲಿ ಬಿಸಿಲು ಬಂಕಿನ ತನಕ ನಡೆದು ಬಂದದ್ದು ನಿಜ. ಹಾಗೆಯೇ ನಮ್ಮಲ್ಲೂ 2016ರ ಮೇ ತಿಂಗಳಲ್ಲಿ ನೇತ್ರಾವತಿಯಲ್ಲಿ ನೀರಿಲ್ಲದೆ ಎಂಆರ್‌ಪಿಎಲ್ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ತೈಲ ಶುದ್ಧಿಗೆ ತೈಲದಷ್ಟೇ ನೀರೂ ಬೇಕೆಂದು ಆಗ ಹಲವರಿಗೆ ತಿಳಿಯಿತು. ಆದರೂ ಅದರಿಂದ ಮಂಗಳೂರಿನ ಬಂಕಿನಲ್ಲಿ ದರ ಏರಲಿಲ್ಲ, ಯಾಕೆಂದರೆ ನಮ್ಮ ದರ ಕಟ್ಟುವುದು ಹೊರದೇಶದ ಪೇಟೆ, ಡಾಲರ್ ಮತ್ತು ತೆರಿಗೆ ನೋಡಿ. ಇಲ್ಲೂ ನಷ್ಟ ಬೋರ್ಡಿಗೆ ಬರಲಿಲ್ಲ.

ಕೊನೆಯ ಆಕ್ಷೇಪ ತರ್ಕದ್ದಲ್ಲ, ಜೇಬಿನದು. ಟ್ಯಾಂಕ್ ತುಂಬಿಸಲು ಅರವತ್ತು ಡಾಲರ್ ಕೊಟ್ಟು, ನಲವತ್ತು ಮೈಲಿ ಆಚೆಯ ಕೆಲಸಕ್ಕೆ ಹೋಗುವವರಿಗೆ ಈ ಪಾಠವೆಲ್ಲ ಯಾಕೆ? ಅವರ ಸಿಟ್ಟು ನ್ಯಾಯವಾದದ್ದಲ್ಲವೇ? ನ್ಯಾಯವಾದದ್ದೇ. ಅದೇ ವರ್ಷ ಮೇ 23ರ ರಾತ್ರಿ ಭಾರತದಲ್ಲಿ ಪೆಟ್ರೋಲನ್ನು ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿಸಿದಾಗ, ಬೆಂಗಳೂರಿನಲ್ಲಿ ಅದು 80 ದಾಟಿದಾಗ, 31ರಂದು ದೇಶವೇ ಬಂದ್ ಆಯಿತು. ಆ ಸಿಟ್ಟೂ ನ್ಯಾಯವಾದದ್ದೇ. ಕಾಣುವ ಬೆಲೆಗೆ ಸಿಟ್ಟಾಗುವುದು ತಪ್ಪಲ್ಲ, ಅದರಿಂದ ಫಲವೂ ಸಿಗುತ್ತದೆ. ಆಗಸ್ಟ್ 28ರಂದು ಅಮೆರಿಕ, 2025ರ ಹೊತ್ತಿಗೆ ಹೊಸ ಕಾರುಗಳು ಗ್ಯಾಲನ್ನಿಗೆ ಸರಾಸರಿ 54.5 ಮೈಲಿ ಕೊಡಬೇಕೆಂದು ನಿಯಮ ಮಾಡಿತು. ಬೋರ್ಡಿನ ಮೇಲಿನ ಅಂಕಿಗಳ ನೆನಪಿಲ್ಲದೆ ಆ ನಿಯಮಕ್ಕೆ ಜನರ ಒಪ್ಪಿಗೆ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ನನ್ನ ತಕರಾರು ಸಿಟ್ಟಿನ ಬಗ್ಗೆ ಅಲ್ಲ, ಅದು ಒಂದೇ ಕಡೆ ನೋಡುವುದರ ಬಗ್ಗೆ.

ಯಾಕೆಂದರೆ ಕಾಣದ ಬೆಲೆ ತೆತ್ತವರಿಗೆ ಸಿಕ್ಕದ್ದು ಬಹಳ ಕಡಿಮೆ. ಸೇಬಿಗೆ ಕೇಂದ್ರ ಸರಕಾರದ ಬೆಳೆ ವಿಮೆ ಇತ್ತು; ಹುಳಿ ಚೆರಿಗೆ ಆಗ ಅದೂ ಇರಲಿಲ್ಲ. ಮಿಶಿಗನ್ ಸರಕಾರ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು, ಅಂದರೆ ಹೋದ ಬೆಳೆಯನ್ನು ಬೆಳೆಗಾರರು ಮುಂದಿನ ವರ್ಷಗಳ ಬೆಳೆಯಿಂದ ತೀರಿಸಬೇಕಾಯಿತು. 2013ರಲ್ಲಿ ಮರಗಳು ಮತ್ತೆ ತುಂಬಿ ಬಿಟ್ಟವು. ಚೆರಿಗೆ ವಿಮೆ ಬಂದದ್ದು 2014ರ ಬೆಳೆಗೆ, ಮೊದಲು ಪ್ರಯೋಗವೆಂದು.